ಹಾಲಸ್ವಾಮಿಯ ಖಾಲಿ ಗದ್ದಿಗೆ

ಜಗಳೂರಿನ ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಕೂರುತ್ತಿದ್ದ ತಿಪ್ಪೇಶಪ್ಪನಿಗೆ ಊರವರು ಇಟ್ಟಿದ್ದ ಹೆಸರು ಮಿಲ್ಟ್ರಿ ತಿಪ್ಪೇಶ. ಬೀಡಿ ಹಚ್ಚಿಕೊಂಡು ಪಕ್ಕಕ್ಕೆ ನಿಂತವರು "ಯುದ್ಧದ ಕತೆ ಹೇಳಪ್ಪಾ" ಎಂದರೆ ಅವನು ಬಂದೂಕಿಗೆ ಎಣ್ಣೆ ಹಾಕುವ ನೆಪ ಹೇಳಿ ಒಳಗೆ ಎದ್ದು ಹೋಗುತ್ತಿದ್ದ. ಹೆಂಡತಿ ಅಂಜಿನಮ್ಮನಿಗೂ ಹೇಳಿದ್ದು ಇಷ್ಟೇ: "ಹೇಸಿಗೆ ಕಣೇ. ಬರೀ ಹೇಸಿಗೆ."

ಅವನು ಸೈನ್ಯ ಸೇರಿದ್ದೂ ಹೇಸಿಗೆಯಿಂದಲೇ. ಊರಿನ ಸತ್ತ ದನ ಎಳೆಯುವ ಕೆಲಸ ಅವನ ಕೇರಿಯವರದು. ಯಾರದೋ ಕೊಟ್ಟಿಗೆಯಲ್ಲಿ ಎಮ್ಮೆ ಸತ್ತು ಹೊಟ್ಟೆ ಉಬ್ಬಿದ ಮೇಲೆ ಹೇಳಿಕಳಿಸುವರು. ಅಪ್ಪ ಹಗ್ಗ ಹಿಡಿದು ಹೊರಡುವನು. ಎಳೆದು ಹಾಕಿ ಬಂದವನಿಗೆ ದೂರದಿಂದಲೇ ಮೊರದಲ್ಲಿ ಜೋಳ ಸುರಿಯುವರು. ಮೀಸೆ ಮೂಡುವ ಹೊತ್ತಿಗೆ ತಿಪ್ಪೇಶ ಆ ಹಗ್ಗ ಮುಟ್ಟುವುದಿಲ್ಲವೆಂದು ಅಪ್ಪನ ಜೊತೆ ಜಗಳವಾಡಿ, ದಾವಣಗೆರೆಯ ಭರ್ತಿ ಸಾಲಿನಲ್ಲಿ ಹೋಗಿ ನಿಂತ.

ಆದದ್ದೇನು? ಎಪ್ಪತ್ತೊಂದರ ಯುದ್ಧದಲ್ಲಿ ಅವನ ಕಂಪನಿ ಪೂರ್ವದ ಗಡಿಯಾಚೆ ಒಂದು ಹಳ್ಳಿಯನ್ನು ಹಿಡಿಯಿತು. ಅಲ್ಲಿನ ಕೆರೆಯಲ್ಲಿ ಬಿದ್ದ ಹೆಣಗಳನ್ನು ಎತ್ತಲು ಆಳು ಬೇಕಾದಾಗ ಹವಾಲ್ದಾರ ಸಾಲಿನುದ್ದಕ್ಕೂ ಮುಖ ನೋಡುತ್ತಾ ಬಂದು ಇವನ ಎದುರಿಗೇ ನಿಂತ. ಊರಲ್ಲಿ ದನ ಎಳೆಯಲಾರೆ ಎಂದು ಓಡಿದವನು ಅಲ್ಲಿ ಮನುಷ್ಯರನ್ನು ಎಳೆದ. ಜೊತೆಗೆ ಸಿಕ್ಕವನು ಚನ್ನಗಿರಿ ಕಡೆಯ ಹನುಮಂತಪ್ಪ ಒಬ್ಬನೇ. ಹವಾಲ್ದಾರನಿಗೆ ಎದುರು ಮಾತಾಡಿದ್ದಕ್ಕೆ ಅವನಿಗೂ ಆ ಕೆಲಸ ಬಿದ್ದಿತ್ತು. ಆ ಹೆಣಗಳಲ್ಲಿ ಒಂದು ಅವರದೇ ಕಂಪನಿಯ ಹಾಲಸ್ವಾಮಿಯದು. ಹೊನ್ನಾಳಿ ತಾಲ್ಲೂಕಿನ ಹುಡುಗ. ಗೋವಿನಕೋವಿ ದಾಟಿದರೆ ಅವನ ಹಳ್ಳಿ.

ಎಂಬತ್ತೆರಡರ ಬೇಸಿಗೆಯಲ್ಲಿ ಆ ಹಳ್ಳಿಯಿಂದ ಇಬ್ಬರನ್ನೂ ಕರೆದೊಯ್ಯಲು ಜೀಪು ಬಂತು. ಅಕ್ಕಿ ಗಿರಣಿಯ ಮರುಳಪ್ಪ ಹಾಲಸ್ವಾಮಿಯ ಹೆಸರಲ್ಲಿ ಸಮಾಧಿಯ ಗದ್ದಿಗೆ ಕಟ್ಟಿಸಿದ್ದ. ಅವನಿಗೆ ಎಲೆಕ್ಷನ್ ಟಿಕೆಟ್ ಬೇಕಿತ್ತು. ಮಂತ್ರಿಗಳು ಗದ್ದಿಗೆ ನೋಡಲು ಬರುವವರಿದ್ದರು. ಜೊತೆಯಲ್ಲಿ ಯುದ್ಧ ಮಾಡಿದವರು ಇಬ್ಬರಾದರೂ ವೇದಿಕೆಯ ಮೇಲೆ ಕಾಣಬೇಕಿತ್ತು.

ಮರುಳಪ್ಪನ ಜಗಲಿಯಲ್ಲಿ ಹನುಮಂತಪ್ಪನಿಗೆ ಸ್ಟೀಲ್ ಲೋಟದಲ್ಲಿ ಚಾ ಬಂತು. ತಿಪ್ಪೇಶಪ್ಪನಿಗೆ ಜಗಲಿಯ ಕೆಳಗೆ, ಗೋಡೆಯ ಗೂಡಿನಲ್ಲಿಟ್ಟಿದ್ದ ಅಂಚು ಒಡೆದ ಗಾಜಿನ ಲೋಟದಲ್ಲಿ. ಒಳಗೆ ಸತ್ತ ಇರುವೆ ಅಂಟಿಕೊಂಡಿತ್ತು. ಅವನು ಚಾ ಕುಡಿಯದೆ ಅಲ್ಲೇ ಇದ್ದ ಬೆಳ್ಳುಳ್ಳಿ ಬುಟ್ಟಿಯ ಪಕ್ಕ ಲೋಟವನ್ನು ಇಟ್ಟುಬಿಟ್ಟ.

"ಮೈಕ್ ಮುಂದೆ ನಿಂತು ಒಂದೇ ಮಾತು ಹೇಳ್ರಿ," ಎಂದ ಮರುಳಪ್ಪ, ತಾಂಬೂಲದ ರಸವನ್ನು ತುಟಿಯಲ್ಲೇ ತಡೆಯುತ್ತಾ. "ನಾವೇ ಕುಣಿ ತೆಗೆದು, ಕೂರಿಸಿ, ಅಂಗೈಯಾಗೆ ಲಿಂಗ ಇಟ್ಟು ಮಣ್ಣು ಮಾಡಿದ್ವಿ ಅಂತ. ನಮ್ಮಲ್ಲಿ ಸುಡಾದಿಲ್ಲ ನೋಡ್ರಿ. ಅವರವ್ವ ಕಸ್ತೂರಮ್ಮಂಗೆ ಅದೊಂದೇ ಕೊರಗು. ಕೇಳಿದ್ರೆ ಜೀವ ತಂಪಾಗ್ತದೆ."

ಇಬ್ಬರೂ ಗಿರಣಿಯ ಹಿಂದಕ್ಕೆ, ಹೊಟ್ಟಿನ ಗುಡ್ಡೆಯ ನೆರಳಿಗೆ ಹೋದರು. ಸೈನ್ಯ ಬಿಟ್ಟ ಮೇಲೆ ಪಿಂಚಣಿಗೆಂದು ದಾವಣಗೆರೆಯಲ್ಲಿ ಎಷ್ಟೋ ಸಲ ಸಿಕ್ಕಿದ್ದರು. ಮಳೆ, ಮಗಳ ಮದುವೆ, ಮಂಡಿನೋವು ಎಲ್ಲ ಮಾತಾಡಿದ್ದರು. ಆ ಕೆರೆಯ ಸುದ್ದಿಯನ್ನು ಇಬ್ಬರೂ ಎತ್ತಿರಲಿಲ್ಲ.

"ಹೇಳಿಬಿಡಾಣ ಕಣಲೇ ತಿಪ್ಪೇಶಿ," ಎಂದ ಹನುಮಂತಪ್ಪ. "ಮುದುಕಿ ನೆಮ್ಮದಿಯಾಗಿ ಸಾಯ್ಲಿ. ನಮ್ಮ ಗಂಟೇನು ಹೋಗ್ತೈತೆ?"

"ನಿಂಗೆ ಮರ್ತೋಗೈತಾ?"

"ಮರೆಯಾದಾ? ಬೇಸಿಗೇಲಿ ಸೂಳೆಕೆರೆ ನೀರು ಇಳಿದು ಮೀನು ಸತ್ತು ನಾರ್ತೈತಲ್ಲ, ಆ ವಾರ ನಾನು ಸರಿಯಾಗಿ ಉಣ್ಣಲ್ಲ. ಮನ್ಯಾಗೆ ಜ್ವರ ಅಂತೀನಿ."

"ನಾನು ಅವನ ಕೈ ಹಿಡಿದು ಎಳೆದೆ ಕಣೋ. ಕೈ ಬರ್ಲಿಲ್ಲ, ತೊಗಲು ಬಂತು. ಗೌಸು ಬಿಚ್ಚಿದಂಗೆ."

"ಬಿಡೋ ಮಾರಾಯ."

"ಏನ್ ಬಿಡಾದು? ಅವನ ಕೊಳ್ಳಾಗಿನ ಲಿಂಗದ ಕರಡಿಗೆ, ಹೊಟ್ಟೆ ಉಬ್ಬಿ ಒಳಕ್ಕೆ ಕಚ್ಚಿಕೊಂಡಿತ್ತು. ಇವನು ಲಿಂಗದೋನು, ಸುಡಬಾರದು, ಹೂಳಬೇಕು ಸಾಬ್ ಅಂದೆ. ಆ ಹವಾಲ್ದಾರ ಏನಂದ ಹೇಳು."

ಹನುಮಂತಪ್ಪ ನಗಲು ಹೋಗಿ ಕೆಮ್ಮಿದ. "ಹೂಳಾದಾದ್ರೆ ಮುಸಲ್ಮಾನನಾ ಅಂದ. ಅಲ್ಲ ಅಂದಿ. ಹಂಗಾದ್ರೆ ಹಿಂದೂ, ಸುಡು ಅಂದ. ನಿನ್ನ ಹಿಂದಿ ಅಷ್ಟಕ್ಕೇ ಮುಗೀತು."

"ಹಸಿ ಬಿದಿರು. ಮೇಲೆ ಡೀಸೆಲ್. ಎಲ್ರನ್ನೂ ಒಂದೇ ರಾಶಿ. ಅರ್ಧ ಬೆಂದು ಆರಿಹೋತು. ಬೆಳಗಾಗಾತನಕ ನಾಯಿ ಓಡಿಸ್ತಾ ಕುಂತಿದ್ದು ನಾವಿಬ್ರೇ. ಮಿಕ್ಕೋರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆ ಕಡೆ ರಮ್ಮು ಕುಡೀತಿದ್ರು. ಅದರ ಮೇಲೆ ಈ ಬಾಯಿಬಡುಕ ಗದ್ದಿಗೆ ಕಟ್ಟಿಸ್ಯಾನೆ. ಸುಣ್ಣ ಬ್ಯಾರೆ ಹೊಡೆಸ್ಯಾನೆ!"

"ಆದ್ರೂ ಹೆತ್ತ ತಾಯಿಗೆ ಇದನ್ನ ಹೆಂಗ್ ಹೇಳ್ತೀಯಲೇ?"

ತಿಪ್ಪೇಶಪ್ಪ ಎರಡನ್ನೂ ತೂಗಿ ನೋಡಿದ. ಹೇಳಿದರೆ ಆ ತಾಯಿಯ ಹೊಟ್ಟೆಗೆ ಬೆಂಕಿ. ಹೇಳದಿದ್ದರೆ ಆ ತಾಂಬೂಲದ ಬಾಯಿಯ ಸುಳ್ಳಿಗೆ ತನ್ನ ನಾಲಿಗೆಯ ಸಾಲ.

ಮಧ್ಯಾಹ್ನ ಮರುಳಪ್ಪ ಅವರನ್ನು ಕಸ್ತೂರಮ್ಮನ ಮನೆಗೆ ಕರೆದುಕೊಂಡು ಹೋದ. ಹನುಮಂತಪ್ಪ ಒಳಗೆ ಕೂತ. ತಿಪ್ಪೇಶಪ್ಪ ಹೊಸ್ತಿಲಾಚೆ ನಿಂತ. ಕಸ್ತೂರಮ್ಮ ಒಣಗಿದ ಮೈಯ, ಗಟ್ಟಿ ದನಿಯ ಹೆಂಗಸು. ಅಳಲಿಲ್ಲ, ಕರೆಯಲಿಲ್ಲ. ನೇರ ಮಾತಿಗೆ ಬಂದಳು.

"ಸುದ್ದಿ ಬಂದು ಹತ್ತು ವರ್ಷದ ಮ್ಯಾಲಾತು. ಅವನ ಹೆಸರಲ್ಲಿ ಊಟ ಹಾಕಿ ಗಣಾರಾಧನೆ ಮಾಡಿಲ್ಲಪ್ಪ. ಮಗ ಮಣ್ಣಾಗೆ ಕುಂತನೋ ಇಲ್ಲೋ ಗೊತ್ತಿಲ್ಲದೆ ಯಾರಿಗಂತ ಎಡೆ ಇಡ್ಲಿ? ಊರೋರು ಹೇಳ್ಕೊಟ್ಟಿದ್ದು ಬ್ಯಾಡ. ಕಂಡಿದ್ದು ಹೇಳ್ರಿ."

"ಹೇಳಪಾ ಹನುಮಂತಪ್ಪ," ಎಂದು ಮರುಳಪ್ಪ ಹುರಿದುಂಬಿಸಿದ.

"ಕುಣಿ... ಕುಣಿ ತೆಗೆದು..." ಎಂದ ಹನುಮಂತಪ್ಪ. ಆಮೇಲೆ ನೆಲ ನೋಡಿದ.

"ಇಲ್ಲವ್ವ," ಎಂದ ತಿಪ್ಪೇಶಪ್ಪ ಹೊರಗಿನಿಂದ. "ಸುಟ್ರು."

ಮರುಳಪ್ಪ "ಏಯ್" ಎಂದು ಎದ್ದ. ಕಸ್ತೂರಮ್ಮ ಕೈ ಅಡ್ಡ ಹಿಡಿದಳು. "ಪೂರಾ ಹೇಳು."

ತಿಪ್ಪೇಶಪ್ಪ ಹೇಳಿದ. ಕೆರೆ, ಹವಾಲ್ದಾರ, ಬಿದಿರು, ನಾಯಿ. ತೊಗಲಿನ ಮಾತೊಂದನ್ನು ಮಾತ್ರ ನುಂಗಿಕೊಂಡ. ಅವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಮರುಳಪ್ಪನಿಗೆ ಚುಚ್ಚಿದ್ದೇ ಬೇರೆ.

"ಎತ್ತಿದ್ದು ಯಾರು? ನೀನಾ? ನಮ್ಮ ಹುಡುಗನ್ನ ನೀನು ಮುಟ್ಟಿದ್ಯಾ?"

ತಿಪ್ಪೇಶಪ್ಪನ ಪಿತ್ತ ನೆತ್ತಿಗೇರಿತು. "ಹೂಂರೀ, ನಾನೇ. ನಿಮ್ಮೋರು ಯಾರಾದ್ರೂ ಒಬ್ರು ಮೂಗಿನ ಬಟ್ಟೆ ಬಿಚ್ಚಿ ಮುಂದೆ ಬಂದಿದ್ರೆ ಅವರ ಕೈಗೇ ಕೊಡ್ತಿದ್ದೆ. ಬರ್ಲಿಲ್ಲ!"

ಹೊರಗೆ ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಕಸ್ತೂರಮ್ಮ ಕಣ್ಣು ಬಿಟ್ಟಳು.

"ಮರುಳಪ್ಪ, ನೀನು ಹೊರಡು. ಒಳಗೆ ಯಾರೂ ಇಲ್ಲದ ಗದ್ದಿಗೆಗೆ ನಾನು ಬರಲ್ಲ."

"ಚಿಗವ್ವ, ಮಂತ್ರಿಗಳು ಬರಾ ಹೊತ್ತಾತು. ನನ್ನ ಮಾನ..."

"ಹಂಗಾದ್ರೆ ಆ ಮಂತ್ರೀನೇ ಕೂರಿಸಿ ಮುಚ್ಚು."

ಮರುಳಪ್ಪ ಪಂಚೆ ಕೊಡವಿಕೊಂಡು ಹೋದ. ತಿಪ್ಪೇಶಪ್ಪನೂ ಹೊರಡಲು ತಿರುಗಿದ.

"ನೀನೆಲ್ಲಿಗೆ? ಒಳಗೆ ಬಾ."

"ಇಲ್ಲೇ ಇರ್ತೀನವ್ವ."

"ಅವನ್ನ ಎತ್ತಾಕೆ ಬಂತು, ಹೊಸ್ತಿಲು ದಾಟಾಕೆ ಬರಲ್ವಾ?"

ಅವನು ದಾಟಿದ. ಅವಳು ರೊಟ್ಟಿ, ಕಾಳುಪಲ್ಯ, ಅನ್ನ, ಮಜ್ಜಿಗೆ ತಂದಳು. ತಟ್ಟೆ ಇಡುವಾಗ ಅವಳ ಕೈ ಅವನ ಮುಂದೆ ಒಂದು ಗಳಿಗೆ ತಡೆಯಿತು. ಅವನು ಅದನ್ನು ಕಂಡ. ಕಂಡದ್ದು ಅವಳಿಗೂ ಗೊತ್ತಾಯಿತು. ಆಮೇಲೆ ಕೈ ಇಳಿಯಿತು.

"ಜಂಗಮರನ್ನ ಕರೆದಿಲ್ಲ, ಹೋಳಿಗೆ ಇಲ್ಲ," ಎಂದಳು. "ಇದೇ ಗಣಾರಾಧನೆ ಅಂದ್ಕಂಡು ಉಣ್ರಿ."

ಮೈಕಿನಲ್ಲಿ ಮರುಳಪ್ಪನ ದನಿ ಎದ್ದಿತು. "ಶ್ರೀ ಹನುಮಂತಪ್ಪನವರು, ಶ್ರೀ ತಿಪ್ಪೇಶಪ್ಪನವರು ಎಲ್ಲಿದ್ದರೂ ವೇದಿಕೆಗೆ ದಯಮಾಡಿಸಬೇಕು." ಮಂತ್ರಿಗಳೆದುರು ತೋರಿಕೆಗೆ ಎರಡು ಸಲ ಕರೆದು, ಅವರಿಗೆ ಮೈಗೆ ಹುಷಾರಿಲ್ಲವೆಂದು ಸಾರಿ, ಕತೆಯನ್ನು ತಾನೇ ಹೇಳತೊಡಗಿದ. ಕುಣಿ ತೆಗೆದರಂತೆ. ವೀರನನ್ನು ಪದ್ಮಾಸನದಲ್ಲಿ ಕೂರಿಸಿದರಂತೆ. ವಿಭೂತಿ ಹಚ್ಚಿದರಂತೆ. ತಿಪ್ಪೇಶಪ್ಪ ಎಂಜಲುಗೈಯಲ್ಲೇ ಎದ್ದ.

"ಕುಂತ್ಕ," ಎಂದಳು ಕಸ್ತೂರಮ್ಮ. "ಆ ಬಾಯಿಗೋಸ್ಕರ ನಿನ್ನ ಊಟ ಯಾಕೆ ಕೆಡಿಸ್ಕೊಂತಿ? ನಂಗೊಂದು ಹೇಳು. ಅವನು ಮಾಂಸ ಮುಟ್ಟೋನಲ್ಲ. ಅಲ್ಲಿ ಏನು ಉಣ್ತಿದ್ದ?"

ತಿಪ್ಪೇಶಪ್ಪ ಕೂತ. ನೆನಪಿನಲ್ಲಿ ತಡಕಾಡಬೇಕಾಯಿತು. ಆ ಕೆರೆಯ ಹಿಂದೆ ಹಾಲಸ್ವಾಮಿಯ ಮುಖ ಎಲ್ಲೋ ಮುಚ್ಚಿಹೋಗಿತ್ತು.

"ಶೇಂಗಾ ಚಟ್ನಿಪುಡಿ ಕಳಿಸ್ತಿದ್ರಲ್ಲವ್ವ ನೀವು. ಪೆಟ್ಟಿಗ್ಯಾಗೆ ಬೀಗ ಹಾಕಿ ಇಟ್ಕಂತಿದ್ದ. ಚಿಟಿಕೆ ಕೊಡೋ ಅಂದ್ರೆ ಜೀವ ಬಿಡ್ತಿದ್ದ."

"ಜಿಪುಣ ನನ್ಮಗ," ಎಂದ ಹನುಮಂತಪ್ಪ ಬಾಯಿ ಜಾರಿ. ಹೇಳಿ ನಾಲಿಗೆ ಕಚ್ಚಿಕೊಂಡ.

"ಹೂಂ, ಅವರಪ್ಪನಂಗೆ," ಎಂದಳು ಕಸ್ತೂರಮ್ಮ. "ಆಮ್ಯಾಕೆ?"

ಹೊರಗೆ ಚಪ್ಪಾಳೆ ಬಿತ್ತು. ತಿಪ್ಪೇಶಪ್ಪನಿಗೆ ಆ ಸದ್ದಿನ ಮೇಲೆ ಕ್ಯಾಕರಿಸಿ ಉಗಿಯಬೇಕೆನ್ನಿಸಿತು. ಬಾಯಲ್ಲಿ ಅನ್ನವಿತ್ತು. ಅದನ್ನು ನುಂಗಿ, ಮುಂದಿನದನ್ನು ಹೇಳತೊಡಗಿದ.