ಗುತ್ತೂರಿನಿಂದ ದಿನಾ ಬರುವ ಒಂದು ಸಂದೇಶ

ಹರಿಹರದ ಪಕ್ಕದ ಗುತ್ತೂರಿನ ಬಸ್ ಸ್ಟಾಪಿನಲ್ಲಿ, ಟಿಫನ್ ಡಬ್ಬಿ ಹಿಡಿದು ನಿಂತಿದ್ದ ಹೆಂಗಸೊಬ್ಬರು ಮೊಬೈಲಿನಲ್ಲಿ ನಾನು ಮಾಡಿದ ಆ್ಯಪ್ ತೆರೆದರು! ಬಸ್ ಬಂದು ನಿಂತಾಗ ‘ಬಸ್ ಬಂತು’ ಎಂಬ ಗುಂಡಿ ಒತ್ತಿ, ಆಮೇಲೆ ಹತ್ತಿದರು.

ಸಾಫ್ಟ್‌ವೇರ್ ಕೆಲಸದ ಬಿಡುವಿನಲ್ಲಿ, ದಾವಣಗೆರೆಯ ನನ್ನ ಬಾಡಿಗೆ ರೂಮಿನಲ್ಲಿ ಕೂತು ಮಾಡಿದ್ದು ಅದು. ಒಬ್ಬರು ಗುಂಡಿ ಒತ್ತಿದರೆ ಮುಂದಿನ ಸ್ಟಾಪುಗಳಲ್ಲಿ ಕಾಯುವವರಿಗೆ ಸಂದೇಶ ಕಾಣಿಸುತ್ತದೆ. ಈ ದಾರಿಯ ಬಸ್ ಸ್ಟಾಪುಗಳಲ್ಲಿ ಅದರ ಚೀಟಿ ಅಂಟಿಸಿ, ಇಂಥ ಪ್ರಯೋಗಗಳನ್ನು ಹಂಚಿಕೊಳ್ಳುವ ಡೆವಲಪರ್‌ಗಳ ಗುಂಪಿನಲ್ಲೂ ಹಾಕಿದ್ದೆ. ಹೆಬ್ಬೆರಳು ಎತ್ತಿ ಮೆಚ್ಚಿದವರು ಹಲವರು, ಬಳಸಿದವರು ಮಾತ್ರ ಒಬ್ಬರೇ. ದಿನಾ ಬೆಳಿಗ್ಗೆ ಗುತ್ತೂರಿನಿಂದ ಒಂದೇ ಒಂದು ಸಂದೇಶ ಬರುತ್ತಿತ್ತು. ಅದು ಯಾರೆಂದು ನೋಡಲೆಂದೇ ಆ ದಿನ ಅಲ್ಲಿಗೆ ಹೋಗಿದ್ದೆ.

ಅವರ ಹಿಂದೆಯೇ ಬಸ್ ಹತ್ತಿ ಕೇಳಿದೆ: “ನಿಮಗೆ ಬಸ್ ಸಿಕ್ತಲ್ಲ, ಮತ್ತ್ಯಾಕೆ ಒತ್ತಿದ್ರಿ?”

“ಮುಂದೆ ಕಾಯೋರಿಗೆ ಗೊತ್ತಾಗ್ಲಿ ಅಂತ ರೀ. ಎಷ್ಟು ಮಂದಿ ನೋಡಿದ್ರು ಅಂತ ಇದ್ರಾಗೆ ತೋರ್ಸಂಗಿದ್ರೆ ಇನ್ನೂ ಚಲೋ ಇರ್ತಿತ್ತು” ಎಂದರು.

ಆ್ಯಪ್ ನನ್ನದೆಂದು ಹೇಳದೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಅವರು ಕೇಳಿದ್ದನ್ನು ಸೇರಿಸಲು ಹತ್ತು ನಿಮಿಷ ಸಾಕು. ಸೇರಿಸಿಲ್ಲ. ಸೇರಿಸಿದರೆ ‘ನೋಡಿದವರು ಒಬ್ಬರು’ ಎಂದೇ ತೋರಿಸುತ್ತದೆ, ಆ ಒಬ್ಬ ನಾನು. ಈಗಲೂ ದಿನಾ ಬೆಳಿಗ್ಗೆ ಮೊಬೈಲ್ ಹಿಡಿದು ಅವರ ಸಂದೇಶಕ್ಕೆ ಕಾಯುತ್ತೇನೆ. ನಾನು ಹಿಡಿಯಬೇಕಾದ ಬಸ್ಸು ಯಾವುದೂ ಇಲ್ಲ.