ಹೂಂ ಅಂದವರು ಯಾರು?

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾದ ಈ ಮೂವತ್ತೆರಡು ವರ್ಷಗಳಲ್ಲಿ ನಾನು ಹೆಂಡತಿಗೆ ಅತಿ ಹೆಚ್ಚು ಸಲ ಹೇಳಿರುವ ಮಾತು 'ಹೂಂ'. ಪೇಪರ್ ಓದುತ್ತಾ ಹೂಂ, ಹಲ್ಲುಜ್ಜುತ್ತಾ ಹೂಂ, ಅರೆನಿದ್ದೆಯಲ್ಲೂ ಹೂಂ. ಯಾವುದಕ್ಕೆ ಹೂಂ ಅಂದಿದ್ದೆ ಎಂಬುದು ಗೊತ್ತಾಗುವುದು ಆಮೇಲೆ, ಹೊಸ ಸೋಫಾ ಬಂದು ಬಾಗಿಲಲ್ಲಿ ನಿಂತಾಗ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತನಾದವನು. ಯಾವ ಪದ ಕೊಟ್ಟರೂ ಅರ್ಥ ಹೇಳಿಯೇನು, ಹೂಂ ಒಂದನ್ನು ಬಿಟ್ಟು. ಒಪ್ಪಿದೆ ಅಂತಲೂ ಆಗುತ್ತದೆ, ಕೇಳಿಸಿತು ಅಂತಲೂ ಆಗುತ್ತದೆ, ಮುಂದೆ ಹೇಳು ಅಂತಲೂ, ಸಾಕು ಬಿಡು ಅಂತಲೂ.

ನಮ್ಮಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟುತ್ತಲೇ ಇರಬೇಕಿತ್ತು. ಯಾರೂ ಹೂಂ ಅನ್ನದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ಊಂಗುಟ್ಟೋರಿಲ್ದೆ ಕಥೆ ಯೋಳ್ಬಾರ್ದು ಕಣ್ಲಾ. ಬ್ಯಾರೆ ಯಾರಾರ ಊಂ ಅಂದ್ಬುಟ್ಟಾರು" ಅನ್ನುತ್ತಿದ್ದಳು. ಬೇರೆ ಯಾರು ಎಂದು ಕೇಳುವ ಧೈರ್ಯ ನಮಗೆ ಇರಲಿಲ್ಲ. ಅದು ಯಾರೆಂದು ನನಗೆ ತಿಳಿದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ, ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ. ಹೇಳುತ್ತೇನೆ.

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿ ನಾಗರತ್ನಳ ತಾಯಿ, ಹೋದ ವರ್ಷ ಸೊಂಟದ ಮೂಳೆ ಮುರಿದುಕೊಂಡು ನಮ್ಮಲ್ಲಿಗೆ ಬಂದರು. ಎಂಬತ್ತು ದಾಟಿದೆ. ಯಾರಾದರೂ ಕೈಕೊಟ್ಟು ಎಬ್ಬಿಸದೆ ಮಂಚದಿಂದ ಏಳಲಾರರು. ನಾಗರತ್ನಳಿಗೆ ಕಡಕೊಳದ ಒಂದು ಕಾರ್ಖಾನೆಯಲ್ಲಿ ಆಫೀಸು ಕೆಲಸ. ತಾಯಿಗೆ ಸ್ನಾನ ಮಾಡಿಸಿ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ಮಧ್ಯಾಹ್ನ ಕೆಲಸದವಳು ಬಂದು ಒಂದು ಸಲ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುತ್ತಾಳೆ. ಮಿಕ್ಕ ಹಗಲೆಲ್ಲ ನಾನು ಮತ್ತು ಅತ್ತೆ. ನಮ್ಮಿಬ್ಬರ ನಡುವೆ ಮೂವತ್ತೆರಡು ವರ್ಷದ ಮರ್ಯಾದೆ. ಅತ್ತೆ ಅಳಿಯನ ಎದುರು ಕೂತು ಮಾತಾಡಿದವರಲ್ಲ. ಏನಾದರೂ ಹೇಳಬೇಕಿದ್ದರೆ ಬಾಗಿಲ ಮರೆಯಲ್ಲಿ ನಿಂತು ಗೋಡೆಗೆ ಹೇಳುತ್ತಿದ್ದರು: "ಅಳಿಯಂದ್ರು ಊಟಕ್ಕೆ ಏಳ್ಬೋದು." ನಾನೂ ಗೋಡೆಗೇ ಹೂಂ ಅನ್ನುತ್ತಿದ್ದೆ. ಹೀಗಿರುವಾಗ ನಾನು ಹೋಗಿ, ಅತ್ತೆ, ಮಾತ್ರೆ ನುಂಗಿದಿರಾ, ಬಚ್ಚಲಿಗೆ ಹೋಗಬೇಕಾ ಎಂದು ಕೇಳುವುದು ಹೇಗೆ?

ಅದಕ್ಕೇ ನಾಗರತ್ನ ಆ ಡಬ್ಬಿ ತರಿಸಿದಳು. ತೆಂಗಿನ ಚಿಪ್ಪಿನಷ್ಟು ಗಾತ್ರ, ಬಿಳಿ ಬಣ್ಣ. ಕೃತಕ ಬುದ್ಧಿಮತ್ತೆಯದು, ಕನ್ನಡ ಬರುತ್ತದೆ. ಹೊತ್ತು ಹೊತ್ತಿಗೆ ಅದು ಒಳ್ಳೆಯ ಹೆಣ್ಣುದನಿಯಲ್ಲಿ ಕೇಳುತ್ತದೆ, "ಅಮ್ಮಾ, ಮಾತ್ರೆ ತಗೊಂಡ್ರಾ? ಊಟ ಆಯ್ತಾ? ಆರಾಮಾಗಿದೀರಾ?" ಅತ್ತೆ "ಊಂ" ಅನ್ನುತ್ತಾರೆ. ಒಂದೊಂದು ಊಂಗೂ ಕಡಕೊಳದಲ್ಲಿ ನಾಗರತ್ನಳ ಮೊಬೈಲಿನಲ್ಲಿ ಒಂದೊಂದು ಹಸಿರು ಗುರುತು ಬೀಳುತ್ತದೆ. ಬಿಡುವಿದ್ದಾಗ ಅತ್ತೆ ಅದಕ್ಕೆ ತಮ್ಮೂರಿನ ಸುದ್ದಿ ಹೇಳುವುದೂ ಶುರುವಾಯಿತು. ನನಗೆ ನಿರಾಳ. ಮರ್ಯಾದೆಗೆ ಭಂಗವಿಲ್ಲದೆ ಸೇವೆ ನಡೆಯುತ್ತಿದೆಯಲ್ಲ ಎಂದು ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹುರುಳಿಕಾಯಿ ಸೋಸುತ್ತಿದ್ದೆ. ಅತ್ತೆಯ ಕೋಣೆಯಲ್ಲಿ ಮಾತು ನಡೆದಿತ್ತು. ಮಧ್ಯೆ ಯಾರೋ "ಹೂಂ" ಅಂದರು. ಕೊನೆಯಲ್ಲಿ ಸ್ವಲ್ಪ ಮೇಲಕ್ಕೆಳೆದ, ಮೂಗಿನಿಂದ ಬರುವ, ಸೋಮಾರಿ ಹೂಂ. ನನ್ನದೇ. ನಾನು ಇಲ್ಲಿ ಹುರುಳಿಕಾಯಿ ಹಿಡಿದು ಕೂತಿದ್ದೇನೆ, ನನ್ನ ಹೂಂ ಅಲ್ಲಿ ನನ್ನ ಅತ್ತೆಯ ಹತ್ತಿರ ಕೂತಿದೆ. ಹಾಡುಹಗಲಲ್ಲಿ ಮೈ ಜುಮ್ಮೆಂದಿತು. ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಸಮಾಧಾನವಾಗಿ, "ಮನೇಲಿ ಯಾರು ಜಾಸ್ತಿ ಹೂಂ ಅಂತಾರೋ ಅವರದನ್ನೇ ಕಲಿಯುತ್ತೆ ಸರ್. ಹಿರಿಯರಿಗೆ ಹೊಸಬರು ಅನ್ನಿಸಬಾರದಲ್ಲ" ಅಂದಳು. ಮನೆಯಲ್ಲಿ ಜಾಸ್ತಿ ಹೂಂ ಅನ್ನುವವರು ಯಾರೆಂದು ನಾನು ಅವಳಿಗೆ ಹೇಳಲು ಹೋಗಲಿಲ್ಲ.

ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತೆನ್ನಿ. ಆ ಹೆಮ್ಮೆ ಇನ್ನೊಂದು ಮಧ್ಯಾಹ್ನದವರೆಗೆ ಇತ್ತು. ಅಂದು ಅತ್ತೆಯ ಕೋಣೆಯ ಬಾಗಿಲ ಪರದೆಯ ಆಚೆ ಕಥೆಯೂ ಇಲ್ಲ, ಸುದ್ದಿಯೂ ಇಲ್ಲ. ಅತ್ತೆ ಊಂ ಅಂದರು. ಅದು ಹೂಂ ಅಂದಿತು. ಊಂ. ಹೂಂ. ಬಹಳ ಹೊತ್ತು ಹೀಗೇ. ಹೇಳುವವರು ಯಾರೂ ಇಲ್ಲದೆ ಎರಡು ಕಡೆಯಿಂದಲೂ ಹೂಂಗುಟ್ಟುವುದು ಮಾತ್ರ ನಡೆದಿತ್ತು. ಪರದೆ ಸರಿಸಿ ನೋಡಲು ಕೈ ಬರಲಿಲ್ಲ. ಒಳಗೆ ನಾನು ಕೂತಿದ್ದರೆ ಏನು ಗತಿ ಎಂಬ ಹುಚ್ಚು ಯೋಚನೆ. ಹೆದರಿದೆ, ಅಷ್ಟೇ. ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿದೆ.

ಆ ವಾರವೇ ಅತ್ತೆಗೆ ಕಾಲು ಊದಿಕೊಂಡಿತು, ಎದ್ದು ನಿಂತರೆ ಉಬ್ಬಸ. ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದೆವು. ಡಾಕ್ಟರು ಬಿ.ಪಿ. ನೋಡಿ, "ಮೈಯ ನೀರು ಇಳಿಸೋ ಮಾತ್ರೆ ತಗೊಳ್ತಿದಾರೇನ್ರೀ?" ಅಂದರು. ನಾಗರತ್ನ ಮೊಬೈಲಿನ ಹಸಿರು ಗುರುತುಗಳನ್ನು ತೋರಿಸಿದಳು. ಡಾಕ್ಟರು ಕಾಲಿನ ಮೇಲೆ ಬೆರಳೊತ್ತಿ ತೆಗೆದರು. ಗುಳಿ ಹಾಗೇ ನಿಂತಿತು. "ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಹೃದಯಕ್ಕೆ ಕಷ್ಟ ಆಗ್ತಿತ್ತು. ಮೊದಲು ಮಾತ್ರೆ ಹುಡುಕಿ" ಅಂದರು.

ಮನೆಗೆ ಬಂದು ಹುಡುಕಿದರೆ ಮಾತ್ರೆಗಳೆಲ್ಲ ಅತ್ತೆಯ ಎಲೆ ಅಡಿಕೆ ಚೀಲದಲ್ಲಿ ಸಿಕ್ಕವು.

"ಯಾಕವ್ವಾ?" ನಾಗರತ್ನ ಚೀಲ ಹಿಡಿದು ಕೇಳಿದಳು. ಅತ್ತೆ ಗೋಡೆ ಕಡೆ ತಿರುಗಿ ಹೇಳಿದರು, "ಅದನ್ನ ನುಂಗುದ್ರೆ ಗಳಿಗೆಗೊಂದ್ಸಲ ಬಚ್ಚಲಿಗೆ ಓಗ್ಬೇಕು. ನೀನು ಮನೇಲಿರಲ್ಲ. ಅಳಿಯಂದ್ರನ್ನ ಕೈ ಕೊಡಿ ಅಂತ ಎಂಗವ್ವ ಕರೆಯದು? ನುಂಗದೇ ಬುಟ್ಟೆ. ಅಳಿಯಂದ್ರಿಗೂ ಯೋಳಿದ್ನಲ್ಲ, ಅವ್ರು ಪರದೆ ಮರೇಲಿ ಕೂತಿದ್ದಾಗ. ಊಂ ಅಂದ್ರು."

ನಾಗರತ್ನ ನನ್ನ ಕಡೆ ತಿರುಗಿದಳು. "ಹೌದೇನ್ರೀ?"

ಇಲ್ಲ ಅನ್ನಲು ಬಾಯಿ ತೆರೆದೆ. ಇಷ್ಟು ವರ್ಷ ಯಾವ್ಯಾವುದಕ್ಕೆ ಹೂಂ ಅಂದಿದ್ದೇನೋ ನನಗೇ ಗೊತ್ತಿಲ್ಲದಿರುವಾಗ, ಇದಕ್ಕೆ ಅಂದಿಲ್ಲವೆಂದು ಯಾವ ನಂಬಿಕೆಯ ಮೇಲೆ ಹೇಳಲಿ? ಡಬ್ಬಿ ಮೊಬೈಲಿನಲ್ಲಿ ಉಳಿಸಿಟ್ಟಿದ್ದ ಹಳೆಯ ಮಾತುಕತೆಯನ್ನು ಅವಳು ಹಾಕಿದಳು. ಅತ್ತೆಯ ದನಿ, ತಡೆತಡೆದು: "ಅಳಿಯಂದ್ರೇ, ಇದೀರಾ?" ಹೂಂ. "ನಾ ಮಾತ್ರೆ ನುಂಗ್ತಿಲ್ಲ. ತಪ್ಪು ತಿಳ್ಕಬ್ಯಾಡಿ." ಹೂಂ. ಅದು ಬುಧವಾರದ್ದೆಂದು ಮೊಬೈಲು ತೋರಿಸಿತು; ಆ ಹೊತ್ತಿಗೆ ನಾನು ಕ್ಷೌರದ ಅಂಗಡಿಯಲ್ಲಿದ್ದೆ. ಅದು ನಾಗರತ್ನಳಿಗೂ ನೆನಪಿತ್ತು, ಹಾಗಾಗಿ ಬಚಾವಾದೆ. ಆದರೆ ಮನಸ್ಸಿಗೆ ಬಚಾವಾದಂತೆ ಅನ್ನಿಸಲಿಲ್ಲ. ಆ ಹೆಂಗಸು ಹೇಳಲಾರದ್ದನ್ನು ತನಗೆ ಗೊತ್ತಿದ್ದ ರೀತಿಯಲ್ಲಿ, ಮರೆಯಿಂದ, ಮರ್ಯಾದೆಯಿಂದ, ನನಗೇ ಹೇಳಿದ್ದರು. ನನ್ನ ದನಿ ಅದನ್ನು ತೆಗೆದುಕೊಂಡು ಸುಮ್ಮನಾಗಿತ್ತು. ನಾಚಿಕೆಯಾಯಿತು.

ಕನ್ನಡ ಮೇಷ್ಟರಿಗೆ ಇಂಥ ಹೊತ್ತಿನಲ್ಲೂ ವ್ಯಾಕರಣವೇ ನೆನಪಾಗುವುದು. ಕಿವಿಗೊಡುವುದಕ್ಕೂ ಪ್ರಶ್ನೆ ಹಾಕುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ, ಕೇಳು. ಕಿವಿಗೊಟ್ಟವನಿಗೆ ಪ್ರಶ್ನೆ ಹುಟ್ಟದೆ ಇರುವುದಿಲ್ಲ ಎಂದು ಹಿಂದಿನವರು ನಂಬಿದ್ದರೋ ಏನೋ. ಡಬ್ಬಿ ಎರಡನ್ನೂ ಬಿಡಿಸಿಟ್ಟಿತು. ಕೇಳಬೇಕಾದ್ದನ್ನು ಪಟ್ಟಿಯ ಪ್ರಕಾರ ಕೇಳಿತು, ಹೇಳಿದ್ದಕ್ಕೆಲ್ಲ ಹೂಂ ಅಂದಿತು. ಅದನ್ನು ಬೈಯುವ ಹಾಗೂ ಇಲ್ಲ, ಅದು ಕಲಿತದ್ದು ನನ್ನಿಂದ.

ಮಾರನೆಯ ದಿನ ನಾಗರತ್ನ ತಾನೇ ಮಾತ್ರೆ ನುಂಗಿಸಿ ಕೆಲಸಕ್ಕೆ ಹೋದಳು. ಡಬ್ಬಿಯ ವೈರನ್ನು ನಾನು ಕಿತ್ತಿದ್ದೆ. ಒಂಬತ್ತೂವರೆಗೆ ಒಗ್ಗರಣೆಗೆಂದು ಈರುಳ್ಳಿ ಹೆಚ್ಚುತ್ತಿದ್ದಾಗ ಮಂಚ ಕಿರುಗುಟ್ಟಿತು. ಎದ್ದು ಹೋಗಿ ಪರದೆಯ ಹೊರಗೆ ನಿಂತೆ.

"ಅತ್ತೆ, ಬಚ್ಚಲಿಗೆ ಹೋಗಬೇಕಾ?"

ಒಳಗಿನಿಂದ ಮೆಲ್ಲಗೆ, "ಯಾರು?"

"ನಾನು ಅತ್ತೆ."

"ಅದೂ ನಿಮ್ಮಂಗೇ ಅಂತದೆ."

ನಾನೇ ನಾನು ಎಂದು ಹೇಳಲು ನನ್ನ ಹತ್ತಿರ ಇದ್ದದ್ದು ಅದೇ ದನಿ. ಕೊನೆಗೆ ಮುಖವನ್ನು ಆ ಕಡೆ ತಿರುಗಿಸಿಕೊಂಡು ಪರದೆಯ ಸಂದಿಯಲ್ಲಿ ಕೈ ಒಳಗೆ ನೀಡಿದೆ. ಆಮೇಲೆ ಮುದುಕಿಯ ಒರಟು ಬೆರಳುಗಳು ಬಂದು ನನ್ನ ಮಣಿಕಟ್ಟನ್ನು ಮುಟ್ಟಿ ನೋಡಿದವು. ಮುಟ್ಟಿದ್ದು ಅದೇ ಮೊದಲು.

"ಈರುಳ್ಳಿ ವಾಸನೆ ಬತ್ತದೆ. ಅಂಗಾದ್ರೆ ನೀವೇಯ" ಅಂದರು ಅತ್ತೆ, ಮತ್ತು ಭಾರವನ್ನೆಲ್ಲ ನನ್ನ ಕೈ ಮೇಲೆ ಬಿಟ್ಟು ಎದ್ದರು.