ತಾಯಿಗೆ ಮಾತ್ರ ಹೇಳಿದ ಔಷಧಿ

ಹೋದ ಧನುರ್ಮಾಸದ ಒಂದು ಮಂಗಳವಾರ. ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತಕುತ್ತಾ ಕೂತಿದ್ದೆ. ಅರ್ಧ ಪಾತ್ರೆಯಷ್ಟೂ ಆಗಿರಲಿಲ್ಲ, ಫೋನು ಬಂತು. ಬೆರಳೆಲ್ಲ ಲೋಳೆ. ಸೆರಗಿಗೆ ಒರೆಸಿಕೊಂಡು ಎತ್ತಿದೆ. ನಂಬರು ನಮ್ಮ ಅತ್ತೆಯದು, ಮಾತಾಡಿದ್ದು ಮಾತ್ರ ಬೇರೆ ಯಾರೋ ಹೆಂಗಸು.

"ಅಮ್ಮಾ, ನಾನು ಜಬೀನಾ ಅಂತ, ಶಿವಾಜಿನಗರದಲ್ಲಿ ಬಳೆ ಅಂಗಡಿ. ಈ ಅಜ್ಜಿ ನಮ್ ಮೆಟ್ಲು ಮೇಲೆ ಕೂತು ನೀರು ಕೇಳಿದ್ರು. ತಂದುಕೊಡೋಷ್ಟರಲ್ಲಿ ಬಿದ್ದೋದ್ರು. ಆಟೋದಲ್ಲಿ ಹಾಕ್ಕೊಂಡು ಹೋಗ್ತಾ ಇದೀನಿ, ನೀವು ಸೀದಾ ಇಲ್ಲಿನ ದೊಡ್ಡಾಸ್ಪತ್ರೆಗೇ ಬಂದ್ಬಿಡಿ."

ಅತ್ತೆ ಬೆಳಿಗ್ಗೆ ಹೇಳಿಹೋಗಿದ್ದು ಬೀದಿ ಕೊನೆಯ ಎಲ್ಲಮ್ಮನ ಗುಡಿಗೆ. ಹಲಸೂರಿನ ನಮ್ಮ ಗುಡಿಗೆ ಹೋದವರು ಶಿವಾಜಿನಗರದಲ್ಲಿ ಹೇಗೆ ಬಿದ್ದರು ಎಂದು ಯೋಚಿಸಲೂ ಹೊತ್ತಿರಲಿಲ್ಲ. ಅವರೆಕಾಳನ್ನು ನೀರಿನಲ್ಲೇ ಬಿಟ್ಟು, ದೇವರ ಮುಂದಿದ್ದ ಭಂಡಾರದ ಅರಿಶಿನದ ಪೊಟ್ಟಣವನ್ನು ಪರ್ಸಿಗೆ ಹಾಕಿಕೊಂಡು ಓಡಿದೆ. ಮೂಲೆಯಲ್ಲೇ ಆಟೋ ನಿಂತಿತ್ತು. ಕರೆದ ಕೂಡಲೇ ಬಂದ. ಆ ದಿನ ತಾಯಿ ಎಲ್ಲಮ್ಮ ಮಾಡಿದ ಮೊದಲ ಉಪಕಾರ ಅದು ಎಂದು ನಾನು ಎಣಿಸುತ್ತೇನೆ.

ಆಸ್ಪತ್ರೆಯ ಬಾಗಿಲಲ್ಲೇ ಜಬೀನಾ ಕಾಯುತ್ತಿದ್ದರು. ಅತ್ತೆಯ ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಂಡಿದ್ದರು. ಗುರುತು ಪರಿಚಯವಿಲ್ಲದ ಮುದುಕಿಯ ಹಳೇ ಚಪ್ಪಲಿಯನ್ನು ಅಷ್ಟು ಜೋಪಾನವಾಗಿ ಹಿಡಿದು ನಿಂತವರನ್ನು ಕಂಡು ನನಗೆ ಅಳು ಬಂತು. ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಹೇಳಿ ಅವರು ಹೊರಟರು.

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಮಂಡಿನೋವು ಹಳೆಯದು. ಎಲ್ಲಮ್ಮನ ಗುಡಿಯ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತು ಕೈಮುಗಿದು ಬರುತ್ತಿದ್ದರು. ಅಂಥವರು ಹೋದ ವರ್ಷ ಯುಗಾದಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಹಗುರಾದರು. ಹತ್ತಿ ಇಳಿದು ಓಡಾಡಿದರು. ಮುಖ ತುಂಬಿಕೊಂಡು ದುಂಡಗಾಯಿತು. ಕಂಡವರೆಲ್ಲ ಅಜ್ಜಿಗೆ ಕಳೆ ಬಂದಿದೆ ಎಂದರು. ತಾಯಿಯ ಕೃಪೆ ಎಂದು ನಾವು ಗುಡಿಗೆ ಹೋಗಿ ಸೀರೆ ಉಡಿಸಿ ಬಂದೆವು. ಆದರೆ ಆ ಮಂಗಳವಾರಕ್ಕೆ ಹಿಂದಿನ ಕೆಲವು ದಿನಗಳಿಂದ ಸುಸ್ತು, ವಾಕರಿಕೆ, ಅನ್ನ ಕಂಡರೆ ಆಗದು. ಚಳಿಗೆ ಪಿತ್ತವಾಗಿದೆ ಎಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟಿದ್ದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಬೇಡ ಎನ್ನುತ್ತಿದ್ದರು.

ಎಮರ್ಜೆನ್ಸಿಯಲ್ಲಿ ಅತ್ತೆ ಕಣ್ಣು ಬಿಟ್ಟಿದ್ದರು, ಮಾತಿಗೆ ತ್ರಾಣವಿರಲಿಲ್ಲ. ಕೈಯಲ್ಲಿ ಡ್ರಿಪ್ಪು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಮೇಲಿಂದ ಮೇಲೆ ಬಂದು ಬಿಪಿ ನೋಡುತ್ತಿದ್ದರು. ಏರುತ್ತಿಲ್ಲ. ಬಾಟಲಿ ಬದಲಾಯಿತು, ಆಗಲೂ ಏರಲಿಲ್ಲ. ಎದೆಯ ಪರೀಕ್ಷೆ ಮಾಡಿದರು, ರಕ್ತ ಕಳಿಸಿದರು. ಜ್ವರವೂ ಇಲ್ಲ, ಹೃದಯದ ತೊಂದರೆಯೂ ಕಾಣುತ್ತಿಲ್ಲ, ಸೋಡಿಯಂ ಮಾತ್ರ ತುಂಬ ಕಡಿಮೆ ಇದೆ ಎಂದರು. ಮನೆಯಲ್ಲಿ ಏನೇನು ಔಷಧಿ ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ಬಿಪಿ ಮಾತ್ರೆ ಬಿಟ್ಟರೆ ಏನೂ ಇಲ್ಲ ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

"ಅಜ್ಜಿ, ನಾಟಿ ಔಷಧಿ, ಪುಡಿ, ಲೇಹ ಏನಾದ್ರೂ ತಗೊಂಡಿದ್ದೀರಾ?" ಎಂದು ಡಾಕ್ಟರು ಬಗ್ಗಿ ಕೇಳಿದರು. ಅತ್ತೆ ಇಲ್ಲವೆಂದು ತಲೆ ಅಲ್ಲಾಡಿಸಿದರು, ತುಟಿ ಬಿಗಿಹಿಡಿದು ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಅಷ್ಟರಲ್ಲಿ ನಮ್ಮನೆಯವರು ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯಿಂದ ಓಡಿಬಂದರು. "ಅಮ್ಮಾ, ಯಾಕೆ ಹೋಗಿದ್ದೆ ಅಲ್ಲಿಗೆ, ಏನು ತಿಂದೆ ಹೇಳು" ಎಂದು ಮೊದಲು ಬೇಡಿದರು, ಆಮೇಲೆ ಗದರಿದರು. ಅತ್ತೆ ಬಾಯಿ ಬಿಡಲಿಲ್ಲ. ಕೆ.ಆರ್. ಪುರದ ನಾದಿನಿ ಫೋನಿನಲ್ಲೇ ನನ್ನನ್ನು ಹಿಡಿದಳು. "ಏನತ್ತಿಗೆ, ನಮ್ಮಮ್ಮನಿಗೆ ಏನು ಕಷಾಯ ಕುಡಿಸ್ದೆ?" ಜೀರಿಗೆ ಎಂದೆ. "ಜೀರಿಗೆಗೆ ಯಾರಾದ್ರೂ ಆಸ್ಪತ್ರೆ ಸೇರ್ತಾರಾ?" ಎಂದಳು. ಅವಳ ತಾಯಿ, ಅವಳ ಸಂಕಟ. ಆ ಹೊತ್ತಿನಲ್ಲಿ ನನಗೂ ನನ್ನ ಜೀರಿಗೆಯ ಮೇಲೇ ಅನುಮಾನ ಬಂದಿತ್ತು.

ಡಾಕ್ಟರು ನಮ್ಮನ್ನು ಹೊರಗೆ ಕರೆದು, ಕಾರಣ ಗೊತ್ತಾಗದೆ ಬರೀ ಬಿಪಿ ಏರಿಸಲು ಔಷಧಿ ಕೊಡುತ್ತಾ ಹೋಗಬೇಕಾಗಿದೆ, ಹೀಗೇ ಇಳಿಯುತ್ತಾ ಹೋದರೆ ಕಷ್ಟ ಎಂದರು. ನಮ್ಮನೆಯವರು ಗೋಡೆಗೆ ಒರಗಿಬಿಟ್ಟರು. ಪಕ್ಕದ ಬೆಂಚಿನಲ್ಲಿದ್ದವರು ಯಾರೋ ಸರಿದು ಜಾಗ ಕೊಟ್ಟರು, ಕೂತೆ.

ಕೂತಾಗ ಅತ್ತೆಯ ಬಿಗಿದ ತುಟಿ ಕಣ್ಣ ಮುಂದೆ ಬಂತು. ಆ ಮುಖವನ್ನು ನಾನು ಹಿಂದೆ ಒಂದು ಸಲ ನೋಡಿದ್ದೆ. ನಮ್ಮ ಮಗಳಿಗೆ ಚಿಕ್ಕಂದಿನಲ್ಲಿ ಕಾಮಾಲೆಯಾದಾಗ ಅತ್ತೆಯೇ ಬಾಗಿಲು ಹಾಕಿಕೊಂಡು ಯಾವುದೋ ಸೊಪ್ಪಿನ ರಸ ಕುಡಿಸಿದ್ದರು. ಏನತ್ತೆ ಅದು ಎಂದು ಕೇಳಿದ್ದಕ್ಕೆ ಹೀಗೇ ತುಟಿ ಬಿಗಿದಿದ್ದರು. ನಾಟಿ ಔಷಧಿಗೆ ನಮ್ಮವರಲ್ಲಿ ಒಂದು ಕಟ್ಟು ಇದೆ, ನಿಮ್ಮಲ್ಲಿ ಹಿರಿಯರಿರುವ ಮನೆಯವರಿಗೆ ಗೊತ್ತಿರುತ್ತದೆ. ಕೊಟ್ಟವರಾಗಲಿ ತೆಗೆದುಕೊಂಡವರಾಗಲಿ ಯಾರ ಮುಂದೆಯೂ ಬಾಯಿ ಬಿಡಬಾರದು. ಬಿಟ್ಟರೆ ಔಷಧಿಯ ಗುಣ ಹೋಗುತ್ತದೆ, ಕಾಯಿಲೆ ತಿರುಗಿ ಬರುತ್ತದೆ. ಹಾಗಾದರೆ ಅತ್ತೆ ಏನೋ ತೆಗೆದುಕೊಂಡಿದ್ದಾರೆ. ಆದರೆ ಪ್ರಾಣ ಹೋದರೂ ಹೇಳುವವರಲ್ಲ. ಮಗ ಗದರಿದಷ್ಟೂ ಬಾಯಿ ಬಿಗಿಯಾಗುತ್ತದೆ.

ಪರ್ಸಿನಲ್ಲಿದ್ದ ಭಂಡಾರದ ಪೊಟ್ಟಣವನ್ನು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಮಂತ್ರ, ಸ್ತೋತ್ರ ಒಂದೂ ಬಾಯಿಗೆ ಬರಲಿಲ್ಲ. ನೆರೆಮನೆಯವಳ ಹತ್ತಿರ ಮಾತಾಡುವ ಹಾಗೆ ಮನಸ್ಸಿನಲ್ಲೇ ಹೇಳಿಕೊಂಡೆ: ತಾಯೀ, ನಾವ್ ಕೇಳಿದ್ರೆ ಅವ್ರು ಹೇಳಲ್ಲ. ನಮ್ ಕೈಲಿ ಆಗ್ಲಿಲ್ಲ. ನೀನೇ ಕೇಳು.

ಹೇಳಿಕೊಂಡ ಮೇಲೆ ನನ್ನ ಮಾತೇ ನನಗೆ ಮತ್ತೆ ಕೇಳಿಸಿದ ಹಾಗಾಯಿತು. ನೀನೇ ಕೇಳು. ಮನುಷ್ಯರ ಮುಂದೆ ಬಾಯಿ ಬಿಡಬಾರದು, ಸರಿ. ದೇವರ ಮುಂದೆ ಮುಚ್ಚಿಡಬೇಕು ಎಂದು ಯಾರು ಹೇಳಿದ್ದಾರೆ? ನಾನು ಅಷ್ಟು ಬುದ್ಧಿವಂತೆಯಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ಯೋಚನೆ ನನ್ನದಲ್ಲ ಎಂದು ಇವತ್ತಿಗೂ ನಂಬಿದ್ದೇನೆ.

ಎದ್ದು ಒಳಗೆ ಹೋದೆ. ನರ್ಸಮ್ಮ ತಡೆಯಲಿಲ್ಲ. ಅತ್ತೆಯ ಹಣೆಗೆ ಭಂಡಾರ ಹಚ್ಚಿದೆ. ಹಣೆ ತಣ್ಣಗೆ ಒದ್ದೆಯಾಗಿತ್ತು. ಅವರ ಕಿವಿಯ ಹತ್ತಿರ ಬಗ್ಗಿದೆ.

"ಅತ್ತೆ, ನನಗೆ ಏನೂ ಹೇಳ್ಬೇಡಿ. ನಿಮ್ ಮಗನಿಗೂ ಹೇಳ್ಬೇಡಿ. ತಾಯಿ ಬಂದವ್ಳೆ, ಅವಳಿಗೆ ಹೇಳಿ. ನಾನು ಆ ಕಡೆ ತಿರುಗ್ಕೋತೀನಿ."

ತಿರುಗಿ ನಿಂತೆ. ಡ್ರಿಪ್ಪಿನ ಹನಿ ಎಣಿಸಿದೆ. ಇದೂ ಆಗಲಿಲ್ಲ ಎಂದುಕೊಂಡೆ. ಆಮೇಲೆ ಬೆನ್ನ ಹಿಂದೆ ದನಿ ಬಂತು, ತೀರಾ ಸಣ್ಣದಾಗಿ.

"ತಾಯೀ... ನಿನ್ನತ್ರ ಮುಚ್ಚಿಡೋದೇನೈತೆ. ಮಂಡಿಗೆ ಕರಿ ಗುಳಿಗೆ ತಿಂತಿದ್ದೆ. ಶಿವಾಜಿನಗರ ಬಸ್‌ಸ್ಟಾಂಡ್ ತಾವ ಬೇರು ಮಾರೋನು ಕೊಟ್ಟ. ಯಾರ್ಗೂ ಹೇಳ್ಬೇಡ ಅಂದಿದ್ದ. ಈಗ ಅವನೇ ಕಾಣ್ತಿಲ್ಲ, ಗುಳಿಗೆ ಮುಗಿದೋಯ್ತು. ಇವತ್ತೂ ಹುಡುಕ್ದೆ. ಸಿಗ್ಲಿಲ್ಲ ಕಣಮ್ಮಾ."

ನಾನು ತಿರುಗುವಷ್ಟರಲ್ಲಿ ನರ್ಸಮ್ಮ ಡಾಕ್ಟರನ್ನು ಕರೆಯಲು ಹೋಗಿಯಾಗಿತ್ತು.

ಡಾಕ್ಟರು ಬಂದವರೇ ಅತ್ತೆಯ ಮುಖವನ್ನು ಮತ್ತೆ ನೋಡಿದರು. ಈ ಮುಖ ಯಾವಾಗಿನಿಂದ ಹೀಗೆ ದುಂಡಗಿದೆ ಎಂದು ಕೇಳಿದರು. ನಮ್ಮನೆಯವರು ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ತೋರಿಸಿದರು. ಫೋಟೋದಲ್ಲಿದ್ದದ್ದು ಕೆನ್ನೆ ಬತ್ತಿದ ಮುಖ. ಕಳೆ ಬಂದಿದೆ ಎಂದು ನಾವು ಸಂತೋಷಪಟ್ಟಿದ್ದು ಬಾವು ಎಂದು ಆಗ ಗೊತ್ತಾಯಿತು.

"ಗುಳಿಗೆಗೆ ಸ್ಟೀರಾಯ್ಡ್ ಬೆರೆಸಿರೋ ಹಾಗಿದೆ" ಎಂದರು. ಅದನ್ನು ಬಹಳ ದಿನ ತೆಗೆದುಕೊಂಡರೆ ದೇಹ ತನ್ನದೇ ಕೆಲಸವನ್ನು ಮರೆತು ಅದಕ್ಕೇ ಒಗ್ಗಿಹೋಗುತ್ತದಂತೆ. ಥಟ್ಟನೆ ನಿಲ್ಲಿಸಿದರೆ ಹೀಗೆ ಬಿಪಿ ಕುಸಿಯುತ್ತದಂತೆ. ಪರೀಕ್ಷೆಗೆ ರಕ್ತ ತೆಗೆದುಕೊಂಡು, ಅದರ ಉತ್ತರಕ್ಕೆ ಕಾಯದೆ ಇಂಜೆಕ್ಷನ್ ಕೊಟ್ಟರು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ತಾಯಿಗೇ ಗೊತ್ತು. ನಾನು ಯಂತ್ರದ ಅಂಕಿಯನ್ನೇ ನೋಡುತ್ತಿದ್ದೆ. ಒಂದು ಸಲ ಏರಿದ್ದು ಇಳಿಯಿತು. ಮತ್ತೆ ಏರಿತು. ಆಮೇಲೆ ಇಳಿಯಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆಯ ಕೈ ಬೆಚ್ಚಗಾಗಿತ್ತು. ಕಣ್ಣು ಬಿಟ್ಟು, ಕಾಫಿ ಕೊಡಿಸ್ತೀಯೇನೇ ಎಂದರು. ನಮ್ಮನೆಯವರು ಮುಖ ತೊಳೆಯುವ ನೆಪದಲ್ಲಿ ಹೊರಗೆ ಹೋದರು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದರು. "ಕಷಾಯ ಕುಡೀಬೇಡಿ ಅಂತ ನಾನು ಹೇಳ್ತಿಲ್ಲ ಅಜ್ಜಿ. ಏನೇ ತಗೊಂಡ್ರೂ ನಮಗೊಂದು ಮಾತು ಹೇಳಿ." ಈಗ ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟಿದ್ದಾರೆ. ಅವರು ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಬೇಕು, ನಾವಾಗಿ ನಿಲ್ಲಿಸುವಂತಿಲ್ಲ. ಮಂಡಿನೋವು ತಿರುಗಿ ಬಂದಿದೆ. ಅತ್ತೆ ಈಗ ಮತ್ತೆ ಗುಡಿಯ ಮೆಟ್ಟಿಲ ಕೆಳಗೇ ನಿಂತು ಕೈಮುಗಿಯುತ್ತಾರೆ. ತಾಯಿ ಅಲ್ಲಿಗೂ ಕಾಣಿಸುತ್ತಾಳೆ.

ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅತ್ತೆ ಕೇಳಿದರು, ಹಾಗಾದರೆ ಮಂಡಿ ವಾಸಿಯಾಯಿತೆಂದು ತಾಯಿಗೆ ಉಡಿಸಿದ ಸೀರೆ ಸುಮ್ಮನೆ ಹೋಯಿತಾ ಎಂದು. "ಮುಂಚಿತವಾಗಿ ಕೊಟ್ಟ ಹಾಗಾಯ್ತು ಬಿಡಿ ಅತ್ತೆ" ಎಂದೆ. ನಕ್ಕರು. ಆ ನಗು ಮತ್ತೆ ಕೇಳಿದ್ದೂ ಒಂದು ಉಪಕಾರವೇ.

ತಾಯಿಯನ್ನು ನಂಬಿದ ಅಕ್ಕತಂಗಿಯರೇ, ನಿಮ್ಮ ಮನೆಯ ಹಿರಿಯರೂ ಏನಾದರೂ ಗುಟ್ಟಾಗಿ ತೆಗೆದುಕೊಳ್ಳುತ್ತಿರಬಹುದು. ಗದರಬೇಡಿ. ದೇವರ ಮುಂದೆ ಕೂರಿಸಿ, ನೀವು ಹತ್ತಿರದಲ್ಲೇ ಇರಿ. ಬಾಯಿ ಬಿಡಿಸುವುದು ಅವಳ ಕೆಲಸ, ಕೇಳಿಸಿಕೊಂಡು ಡಾಕ್ಟರಿಗೆ ಮುಟ್ಟಿಸುವುದು ನಮ್ಮದು.

ಮನೆಗೆ ಬಂದು ನೋಡಿದರೆ ಅವರೆಕಾಳು ನೀರಿನಲ್ಲೇ ಹುಳಿತು ನಾರುತ್ತಿತ್ತು. ದಾಸವಾಳದ ಬುಡಕ್ಕೆ ಸುರಿದೆ. ಒಳಗೆ ಅತ್ತೆ ದೇವರ ಪಟದ ಮುಂದೆ ಕೂತು, ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ, "ತಾಯೀ, ಬಿಳಿ ಮಾತ್ರೆ ಒಂದು ತಗೊಂಡೆ ಕಣಮ್ಮಾ" ಎಂದರು. ಕೇಳಿಸಿತು ಎಂದು ನಾನು ಹೇಳಲಿಲ್ಲ. ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತೆ.